ಆಗಸ್ಟ್ 28ರ ಲಕೋಟೆ

(ನಮ್ಮೂರಿನ ಗ್ರಂಥಾಲಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನನ್ನು ಇತಿಹಾಸ ತಜ್ಞ ಎಂದು ಪರಿಚಯಿಸಿದರು. ಹಾಗೇನಿಲ್ಲ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಸವೆದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರಿಗೂ ಬೇಡವಾಗಿದ್ದ ಒಂದು ಅಂಕಣ ನನ್ನ ಪಾಲಿಗೆ ಬಂತು, 'ಇತಿಹಾಸದಲ್ಲಿ ಈ ದಿನ'. ಒಳಪುಟದ ಕೆಳಗೆ, ಮಾರುಕಟ್ಟೆ ಧಾರಣೆಯ ಪಕ್ಕ, ಐದು ಸಾಲಿನ ಜಾಗ. ಅಡಿಕೆ ಧಾರಣೆ ಒಂದು ಸಾಲು ಹೆಚ್ಚಾದರೆ ಇತಿಹಾಸ ಒಂದು ಸಾಲು ಕಡಿಮೆ.

ಅದಕ್ಕಾಗಿ ರಟ್ಟಿನ ಬೂಟು ಡಬ್ಬಗಳಲ್ಲಿ 366 ಲಕೋಟೆ ಜೋಡಿಸಿಟ್ಟುಕೊಂಡಿದ್ದೆ. ಫೆಬ್ರವರಿ 29ಕ್ಕೂ ಒಂದು. ಇಯರ್‌ಬುಕ್ಕು, ಹಳೇ ವಾರಪತ್ರಿಕೆ, ಏಜೆನ್ಸಿ ಸುದ್ದಿ, ಎಲ್ಲೇ ಏನು ಸಿಕ್ಕರೂ ಚೀಟಿ ಬರೆದು ಆಯಾ ದಿನದ ಲಕೋಟೆಗೆ ಹಾಕುವುದು. ಹಿಂದಿನ ಸಂಜೆ ಲಕೋಟೆಯನ್ನು ಮೇಜಿನ ಮೇಲೆ ಸುರಿದು ಐದು ಚೀಟಿ ಆರಿಸುವುದು. ಇತಿಹಾಸದ ಜೊತೆ ನನ್ನ ಒಡನಾಟ ಅಷ್ಟೇ.

ಅಮೆರಿಕದ ಮಟ್ಟಿಗೆ ಎಲ್ಲಕ್ಕಿಂತ ಉಬ್ಬಿದ ಲಕೋಟೆ ಜುಲೈ 4ರದು. ಅದರಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಕಥೆ 1826ರದು. ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನವೇ ಅದನ್ನು ಬರೆದ ಥಾಮಸ್ ಜೆಫರ್ಸನ್, ಅದಕ್ಕಾಗಿ ಸಭೆಯಲ್ಲಿ ವಾದ ಮಾಡಿದ ಜಾನ್ ಆಡಮ್ಸ್ ಇಬ್ಬರೂ ತೀರಿಕೊಂಡರು. ಜೆಫರ್ಸನ್ ವರ್ಜೀನಿಯಾದಲ್ಲಿ ಮಧ್ಯಾಹ್ನದ ಹೊತ್ತಿಗೆ, ಆಡಮ್ಸ್ ಮ್ಯಾಸಚೂಸೆಟ್ಸ್‌ನಲ್ಲಿ ಸಂಜೆಗೆ. 'ಜೆಫರ್ಸನ್ ಇನ್ನೂ ಬದುಕಿದ್ದಾನೆ' ಎಂದು ಆಡಮ್ಸ್ ಕೊನೆಗೆ ಹೇಳಿದರಂತೆ. ಅಷ್ಟು ಹೊತ್ತಿಗೆ ಜೆಫರ್ಸನ್ ಹೋಗಿ ಐದು ಗಂಟೆಯಾಗಿತ್ತು. ಐದು ವರ್ಷ ಬಿಟ್ಟು, 1831ರಲ್ಲಿ, ಇನ್ನೊಬ್ಬ ಮಾಜಿ ಅಧ್ಯಕ್ಷ ಜೇಮ್ಸ್ ಮನ್ರೊ ಕೂಡ ಅದೇ ಜುಲೈ 4ಕ್ಕೆ ತೀರಿಕೊಂಡರು. ಇದನ್ನು ಕೇಳಿದವರೆಲ್ಲ 'ಅಬ್ಬಾ, ದೈವಲೀಲೆ' ಅನ್ನುತ್ತಾರೆ. ಅವತ್ತಿನ ಅಮೆರಿಕನ್ನರೂ ಅಂದರು.

ಆದರೆ ಅದೇ ಲಕೋಟೆಯಲ್ಲಿ ಇನ್ನೊಂದು ಚೀಟಿಯಿತ್ತು. ಬ್ರಿಟನ್ನಿನಿಂದ ಬೇರೆಯಾಗಬೇಕು ಎಂಬ ನಿರ್ಣಯಕ್ಕೆ ಮತ ಬಿದ್ದದ್ದು 1776ರ ಜುಲೈ 2ರಂದು. ಮುಂದಿನ ತಲೆಮಾರುಗಳು ಜುಲೈ 2ನ್ನೇ ಮೆರವಣಿಗೆ, ಗುಂಡು, ದೀಪಗಳಿಂದ ಆಚರಿಸುತ್ತವೆ ಎಂದು ಇದೇ ಆಡಮ್ಸ್ ಹೆಂಡತಿಗೆ ಪತ್ರ ಬರೆದಿದ್ದರು. ಘೋಷಣೆಯ ಮಾತುಗಳಿಗೆ ಒಪ್ಪಿಗೆ ಸಿಕ್ಕಿದ್ದು 4ಕ್ಕೆ, ಅಚ್ಚಾದ ಹಾಳೆಯ ಮೇಲೆ ಬಿದ್ದದ್ದು ಆ ದಿನಾಂಕ, ಜನ ಹಿಡಿದುಕೊಂಡದ್ದೂ ಅದನ್ನೇ. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಅಲ್ಲಿನ ಕ್ಯಾಲೆಂಡರಿನಲ್ಲಿ ಫೆಬ್ರವರಿ 11. 1752ರಲ್ಲಿ ಬ್ರಿಟನ್ನೂ ಅದರ ವಸಾಹತುಗಳೂ ಹೊಸ ಕ್ಯಾಲೆಂಡರಿಗೆ ಬದಲಾದಾಗ ಹನ್ನೊಂದು ದಿನ ಹಾರಿಹೋಗಿ ಹುಟ್ಟುಹಬ್ಬ 22ಕ್ಕೆ ಬಂತು. ತಿಥಿ ನೋಡಿ ಹುಟ್ಟುಹಬ್ಬ ಮಾಡುವ ಮನೆಯಲ್ಲಿ ಬೆಳೆದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮಜ್ಜಿಯ ಪ್ರಕಾರ ನಾನು ಪ್ರತಿವರ್ಷ ಬೇರೆ ದಿನ ಹುಟ್ಟುತ್ತಿದ್ದೆ.

ಇನ್ನು ಲೆಕ್ಕದ ಮಾತು. ಒಂದು ಕೋಣೆಯಲ್ಲಿ 23 ಜನ ಇದ್ದರೆ ಸಾಕು, ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಈ ಹಾಲ್‌ನಲ್ಲಿ ನೀವು ಎಪ್ಪತ್ತು ಮಂದಿಯಾದರೂ ಇದ್ದೀರಿ, ಬೇಕಾದರೆ ಚಹಾ ಹೊತ್ತಿನಲ್ಲಿ ಕೇಳಿಕೊಳ್ಳಿ. ಇರುವುದು 366 ಲಕೋಟೆ, ದೇಶದ ಘಟನೆಗಳು ಸಾವಿರಗಟ್ಟಲೆ. ಡಿಕ್ಕಿ ಹೊಡೆಯದಿದ್ದರೆ ಅದು ಆಶ್ಚರ್ಯ. ಹಾಗಾಗಿ ಎರಡು ಘಟನೆ ಒಂದೇ ದಿನ ನಡೆದವು ಅಂದರೆ ನನಗೆ ರೋಮಾಂಚನ ಆಗುವುದಿಲ್ಲ. ಒಂದೇ ಲಕೋಟೆಯಲ್ಲಿ ಬಿದ್ದ ಚೀಟಿಗಳ ನಡುವೆ ದಿನಾಂಕ ಬಿಟ್ಟು ಬೇರೇನಾದರೂ ನಂಟಿದೆಯಾ ಅಂತ ಮಾತ್ರ ನೋಡುತ್ತೇನೆ. ಬಹುತೇಕ ಇರುವುದಿಲ್ಲ. ಒಂದು ಲಕೋಟೆಯಲ್ಲಿ ಇತ್ತು.

ಆಗಸ್ಟ್ 28. ಈ ದಿನಕ್ಕೆ ನಾನು ಎಷ್ಟೋ ವರ್ಷ ಒಂದೇ ಚೀಟಿ ಬಳಸಿದೆ: '1963: ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ನನಗೊಂದು ಕನಸಿದೆ ಭಾಷಣ.' ಸಿದ್ಧವಾದ ಸಾಲು, ಯಾರೂ ತಪ್ಪು ಹುಡುಕುವಂತಿಲ್ಲ. ಅದರ ಹಿಂದೆ ಇನ್ನೊಂದು ಚೀಟಿ ಇತ್ತು, ನನ್ನ ಕೈಬರಹದ್ದೇ: '1955: ಮಿಸಿಸಿಪ್ಪಿಯಲ್ಲಿ ಬಾಲಕನ ಕೊಲೆ.' ಹೆಸರು ಕೂಡ ಬರೆದುಕೊಂಡಿರಲಿಲ್ಲ. ಪ್ರತಿವರ್ಷ ಅದನ್ನು ಓದಿ, ಯಾವುದೋ ಅಪರಾಧ ಸುದ್ದಿ ಎಂದು ವಾಪಸ್ ಹಾಕುತ್ತಿದ್ದೆ. ಆ ಬಾಲಕನ ವಿಷಯ ಮೊದಲು ಹೇಳುತ್ತೇನೆ.

ಎಮೆಟ್ ಟಿಲ್. ಷಿಕಾಗೊ ಹುಡುಗ, ಆಗಷ್ಟೇ ಹದಿನಾಲ್ಕು ತುಂಬಿತ್ತು. ಬೇಸಿಗೆ ರಜೆಗೆ ಅಮ್ಮನ ಕಡೆಯ ನೆಂಟರ ಊರಿಗೆ ಹೋದ. ರಜಕ್ಕೆ ಅಜ್ಜಿ ಊರಿಗೆ ಹೋಗುವುದು ನಮಗೆ ಗೊತ್ತಿರುವಂಥದ್ದೇ. ಊರಿನ ಹೆಸರು ಮನಿ, ದುಡ್ಡು ಅಂತಲೇ ಅರ್ಥ. ಮಿಸಿಸಿಪ್ಪಿಯ ಹತ್ತಿ ಸೀಮೆಯ ಒಂದು ಬಡ ಕೊಂಪೆ. ಅಲ್ಲಿ ಅವನ ಅಮ್ಮನಿಗೆ ಸೋದರಮಾವನ ವರಸೆಯಾಗಬೇಕಾದ ಮೋಸ್ ರೈಟ್ ಎಂಬ ಹಿರಿಯರು ಪಾಲಿಗೆ ಹೊಲ ಮಾಡಿಕೊಂಡಿದ್ದರು. ದಕ್ಷಿಣದಲ್ಲಿ ಹೇಗಿರಬೇಕು, ಬಿಳಿಯರೆದುರು ಹೇಗೆ ಕಣ್ಣು ತಗ್ಗಿಸಬೇಕು ಎಂದು ಅಮ್ಮ ಮೇಮಿ ಮಗನಿಗೆ ಹೇಳಿಯೇ ಕಳಿಸಿದ್ದರು. ಆಗಸ್ಟ್ 24ರ ಸಂಜೆ ಹುಡುಗರೆಲ್ಲ ಅಂಗಡಿಗೆ ಹೋದರು. ಕೌಂಟರಿನಲ್ಲಿ ಬಿಳಿ ಹೆಂಗಸು. ಎಮೆಟ್ ಸಿಳ್ಳೆ ಹೊಡೆದ ಎಂದು ಜೊತೆಗಿದ್ದ ಹುಡುಗರೇ ಆಮೇಲೆ ಹೇಳಿದರು.

28ರ ಬೆಳಗಿನ ಜಾವ, ಎರಡೂವರೆ ಗಂಟೆ. ಆ ಹೆಂಗಸಿನ ಗಂಡ ರಾಯ್ ಬ್ರಯಂಟ್, ಅವನ ಮಲಸಹೋದರ ಜೆ. ಡಬ್ಲ್ಯು. ಮೈಲಮ್, ಪಿಸ್ತೂಲು ಟಾರ್ಚು ಹಿಡಿದು ಮೋಸ್ ರೈಟ್ ಮನೆಯ ಬಾಗಿಲು ತಟ್ಟಿದರು. ಮಲಗಿದ್ದ ಹುಡುಗನನ್ನು ಎಬ್ಬಿಸಿ ಒಯ್ದರು. ಬಡಿದರು, ತಲೆಗೆ ಗುಂಡು ಹೊಡೆದರು. ಹತ್ತಿ ಜಿನ್ನಿಂಗ್ ಯಂತ್ರದ ಫ್ಯಾನೊಂದನ್ನು, ಮೂವತ್ತು ಕಿಲೋಗೂ ಮೀರಿದ ಕಬ್ಬಿಣ, ಮುಳ್ಳುತಂತಿಯಿಂದ ಕೊರಳಿಗೆ ಬಿಗಿದು ಟ್ಯಾಲಹ್ಯಾಚಿ ನದಿಗೆ ಎಸೆದರು. ಮೂರು ದಿನದ ಮೇಲೆ ಹೆಣ ತೇಲಿತು. ಮುಖದಿಂದ ಗುರುತು ಹಿಡಿಯುವ ಹಾಗಿರಲಿಲ್ಲ. ಬೆರಳಲ್ಲಿ ಬೆಳ್ಳಿ ಉಂಗುರವಿತ್ತು, ತೀರಿಹೋಗಿದ್ದ ಅಪ್ಪ ಲೂಯಿಸ್ ಟಿಲ್‌ದು. ಅದರ ಮೇಲೆ ಎಲ್, ಟಿ ಎಂಬ ಎರಡಕ್ಷರ, 1943ರ ಮೇ 25 ಎಂಬ ತಾರೀಖು. ಅದನ್ನು ನೋಡಿಯೇ ಗುರುತು ಸಿಕ್ಕಿದ್ದು.

ಅಲ್ಲಿನ ಷರೀಫನಿಗೆ, ಅಂದರೆ ಪೊಲೀಸ್ ಮುಖ್ಯಸ್ಥನಿಗೆ, ಹೆಣವನ್ನು ಅವತ್ತೇ ಅಲ್ಲೇ ಹೂತುಬಿಡುವ ಆತುರ. ತಾಯಿ ಅದನ್ನು ತಡೆದು ಷಿಕಾಗೊಗೆ ತರಿಸಿಕೊಂಡರು. ಪೆಟ್ಟಿಗೆಗೆ ಮೊಹರು, ತೆರೆಯಕೂಡದು ಎಂಬ ಷರತ್ತು. ಆಕೆ ತೆರೆಸಿದರು. ತೆರೆಸಿ ನೋಡಿದ್ದಲ್ಲದೆ, ಅಂತ್ಯಕ್ರಿಯೆಗೂ ಹಾಗೇ ಇಡಿ, ಜನ ನೋಡಲಿ ಎಂದರು. ಗಾಜಿನ ಮುಚ್ಚಳದ ಪೆಟ್ಟಿಗೆ, ಚರ್ಚಿನ ಹೊರಗೆ ಬೀದಿಯುದ್ದಕ್ಕೂ ಸಾಲು. ಹತ್ತಾರು ಸಾವಿರ ಮಂದಿ ನೋಡಿಕೊಂಡು ಹೋದರು. 'ಜೆಟ್' ಎಂಬ ಕಪ್ಪು ಜನರ ವಾರಪತ್ರಿಕೆ ಆ ಮುಖದ ಫೋಟೊ ಅಚ್ಚು ಹಾಕಿತು. ಡೆಸ್ಕಿನಲ್ಲಿ ಕೂತವನಾಗಿ ಹೇಳುತ್ತೇನೆ, ಅಂಥ ಫೋಟೊ ಮೇಜಿಗೆ ಬಂದರೆ ನಮ್ಮ ಮೊದಲ ಮಾತು 'ಬೇಡ, ಓದುಗರು ಬೆಳಗ್ಗೆ ಕಾಫಿ ಕುಡಿಯುವಾಗ ನೋಡುತ್ತಾರೆ' ಎಂಬುದೇ. ನೋಡಬೇಕು ಎಂದು ತೀರ್ಮಾನ ಮಾಡಿದ್ದು ಹೆತ್ತವಳು.

ಸೆಪ್ಟೆಂಬರಿನಲ್ಲಿ ಸಮ್ನರ್ ಎಂಬ ಊರಿನ ಕೋರ್ಟಿನಲ್ಲಿ ವಿಚಾರಣೆ. ಜೂರಿಯಲ್ಲಿ ಹನ್ನೆರಡು ಮಂದಿ, ಹನ್ನೆರಡೂ ಬಿಳಿ ಗಂಡಸರು. ಮೋಸ್ ರೈಟ್ ಸಾಕ್ಷಿಗೆ ನಿಂತರು. ಆ ರಾತ್ರಿ ಬಂದವರು ಯಾರು ಎಂದು ಕೇಳಿದಾಗ ಎದ್ದುನಿಂತು, ಕೈ ಚಾಚಿ, ಮೈಲಮ್‌ನನ್ನೂ ಬ್ರಯಂಟ್‌ನನ್ನೂ ತೋರಿಸಿದರು. ಆ ಸೀಮೆಯಲ್ಲಿ, ಆ ಕಾಲದಲ್ಲಿ, 64 ವರ್ಷದ ಒಬ್ಬ ಕಪ್ಪು ಗೇಣಿದಾರ ತುಂಬಿದ ಕೋರ್ಟಿನಲ್ಲಿ ಬಿಳಿಯನತ್ತ ಬೆರಳು ಮಾಡುವುದು! ಆಮೇಲೆ ಅವರು ಆ ಊರಲ್ಲಿ ಇರಲಾಗಲಿಲ್ಲ, ಹೊಲ ಮನೆ ಬಿಟ್ಟು ಷಿಕಾಗೊ ಸೇರಿದರು. ಜೂರಿ 67 ನಿಮಿಷದಲ್ಲಿ ಇಬ್ಬರನ್ನೂ ಬಿಟ್ಟಿತು. ನಡುವೆ ಸೋಡಾ ಕುಡಿಯಲು ನಿಂತದ್ದರಿಂದ ಅಷ್ಟು ಹೊತ್ತಾಯಿತು ಎಂದು ಜೂರಿಯವನೊಬ್ಬ ಹೇಳಿದ. ಕೆಲವೇ ತಿಂಗಳಲ್ಲಿ ಇಬ್ಬರೂ ಪತ್ರಿಕೆಯೊಂದರಿಂದ ಹಣ ಪಡೆದು ಕೊಂದದ್ದು ನಾವೇ ಎಂದು ಒಪ್ಪಿಕೊಂಡರು. ಒಮ್ಮೆ ಬಿಡುಗಡೆಯಾದ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಎರಡನೇ ಚೀಟಿ 1957ರದು. ಇದು ನನ್ನ ಲಕೋಟೆಯಲ್ಲಿ 'ತಮಾಷೆ' ಎಂಬ ಗುರುತಿನೊಂದಿಗೆ ಕೂತಿತ್ತು: ಅಮೆರಿಕದ ಸೆನೆಟಿನಲ್ಲಿ ಒಬ್ಬನೇ ಸದಸ್ಯ 24 ಗಂಟೆ 18 ನಿಮಿಷ ಮಾತಾಡಿದ. ಸೆನೆಟಿನಲ್ಲಿ ಒಬ್ಬ ಸದಸ್ಯ ಮಾತಿಗೆ ನಿಂತರೆ, ಕೂರದೆ, ಸಭಾಂಗಣ ಬಿಡದೆ ಮಾತಾಡುವ ತನಕ ಅವನನ್ನು ನಿಲ್ಲಿಸುವುದು ಬಲು ಕಷ್ಟ. ಮಸೂದೆಯನ್ನು ಮಾತಿನಿಂದಲೇ ಮುಳುಗಿಸುವ ಉಪಾಯ ಇದು. ದಕ್ಷಿಣ ಕೆರೊಲಿನಾದ ಸ್ಟ್ರಾಮ್ ಥರ್ಮಂಡ್ ಆಗಸ್ಟ್ 28ರ ರಾತ್ರಿ 8 ಗಂಟೆ 54 ನಿಮಿಷಕ್ಕೆ ಎದ್ದುನಿಂತರು. ಕೂತದ್ದು ಮರುದಿನ ರಾತ್ರಿ 9 ಗಂಟೆ 12ಕ್ಕೆ. ಮೂತ್ರ ಬರದಿರಲಿ ಎಂದು ಮೊದಲೇ ಉಗಿಸ್ನಾನ ಮಾಡಿ ಮೈಯ ನೀರು ಇಳಿಸಿಕೊಂಡಿದ್ದರು. 48 ರಾಜ್ಯಗಳ ಚುನಾವಣಾ ಕಾನೂನುಗಳನ್ನು ಒಂದೊಂದಾಗಿ ಓದಿದರು. ನಡುವೆ ಸ್ವಾತಂತ್ರ್ಯ ಘೋಷಣೆಯನ್ನೂ ಓದಿದರಂತೆ, ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂಬ ಸಾಲಿರುವುದನ್ನೇ.

ತಮಾಷೆ ಎಂದು ಬರೆದಿಟ್ಟವನು ಯಾವ ಮಸೂದೆ ಎಂದು ನೋಡಿರಲಿಲ್ಲ. ಕಪ್ಪು ಜನರ ಮತದಾನದ ಹಕ್ಕಿಗೆ ರಕ್ಷಣೆ ಕೊಡುವ ನಾಗರಿಕ ಹಕ್ಕುಗಳ ಮಸೂದೆ ಅದು. ಅಷ್ಟರಲ್ಲೇ ಸಾಕಷ್ಟು ಹಲ್ಲು ಕಿತ್ತಿದ್ದರು, ಆದರೂ ಥರ್ಮಂಡ್‌ಗೆ ಸಮಾಧಾನವಿರಲಿಲ್ಲ. ಅವರು ಕೂತ ಸುಮಾರು ಎರಡು ಗಂಟೆಯಲ್ಲಿ ಅದು 60–15 ಮತಗಳಿಂದ ಪಾಸಾಯಿತು. ಇಡೀ ದಿನದ ಭಾಷಣ ಒಂದು ಮತವನ್ನೂ ತಿರುಗಿಸಿರಲಿಲ್ಲ. ಇಷ್ಟಕ್ಕೆ ಮುಗಿಯುವುದಿಲ್ಲ. ಥರ್ಮಂಡ್ ನೂರು ವರ್ಷ ಬದುಕಿ 2003ರ ಜೂನ್‌ನಲ್ಲಿ ತೀರಿಕೊಂಡ ಮೇಲೆ, ಡಿಸೆಂಬರಿನಲ್ಲಿ ಎಸ್ಸಿ ಮೇ ವಾಷಿಂಗ್ಟನ್ ವಿಲಿಯಮ್ಸ್ ಎಂಬ ನಿವೃತ್ತ ಶಿಕ್ಷಕಿ ಅವರು ನನ್ನ ತಂದೆ ಎಂದು ಹೇಳಿದರು. ಮನೆಗೆಲಸಕ್ಕಿದ್ದ ಹದಿನಾರರ ಕಪ್ಪು ಹುಡುಗಿಯಲ್ಲಿ ಹುಟ್ಟಿದ ಮಗಳು. ಥರ್ಮಂಡ್ ಮನೆತನ ಅದನ್ನು ಒಪ್ಪಿಕೊಂಡಿತು. ಅಪ್ಪ ಆ 24 ಗಂಟೆ ಮಾತಾಡುವಾಗ ಮಗಳಿಗೆ 31.

ಈಗ 1963. ಭಾಷಣ ನಿಮಗೆಲ್ಲ ಗೊತ್ತು. ಭಾಷಣ ನಡೆಯಲು ಎಷ್ಟು ಜನ ಎಷ್ಟು ಬೆವರು ಹರಿಸಿದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೆರವಣಿಗೆಯ ಪೂರ್ತಿ ಹೆಸರು 'ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ', ಉದ್ಯೋಗ ಮೊದಲು. ಗಂಟೆಗೆ ಎರಡು ಡಾಲರ್ ಕನಿಷ್ಠ ಕೂಲಿ ಬೇಕು ಎಂಬುದು ಬೇಡಿಕೆಗಳಲ್ಲಿ ಒಂದು. ನಮ್ಮ ಐದು ಸಾಲಿನಲ್ಲಿ ಕನಸು ಉಳಿಯಿತು, ಕೂಲಿ ಬಿಟ್ಟುಹೋಯಿತು. ಈ ಮೆರವಣಿಗೆ ಎ. ಫಿಲಿಪ್ ರ‍್ಯಾಂಡಾಲ್ಫ್ ಎಂಬ ಕಾರ್ಮಿಕ ನಾಯಕರ ಹಳೇ ಆಸೆ. 1941ರಲ್ಲೇ ಹೊರಟಿದ್ದರು. ಯುದ್ಧ ಸಾಮಗ್ರಿ ಕಾರ್ಖಾನೆಗಳಲ್ಲಿ ಬಣ್ಣ ನೋಡಿ ಕೆಲಸ ಕೊಡುವಂತಿಲ್ಲ ಎಂದು ಅಧ್ಯಕ್ಷ ರೂಸ್‌ವೆಲ್ಟ್ ಆದೇಶ ಹೊರಡಿಸಿದ್ದರಿಂದ ಆಗ ಕೈಬಿಟ್ಟರು.

ಈ ಸಲ ಪೂರ್ತಿ ಏರ್ಪಾಡು ಬಯಾರ್ಡ್ ರಸ್ಟಿನ್ ಅವರದು. ಗಾಂಧೀಜಿ ಹತ್ಯೆಯಾದ ವರ್ಷ ಭಾರತಕ್ಕೆ ಬಂದು ಹೋದ ಮನುಷ್ಯ, ಕಿಂಗ್ ಅವರಿಗೆ ಅಹಿಂಸೆಯ ಪಟ್ಟುಗಳನ್ನು ಹೇಳಿಕೊಟ್ಟವರಲ್ಲಿ ಒಬ್ಬರು. (ಕಿಂಗ್ ತಾವೇ 1959ರಲ್ಲಿ ಭಾರತ ಸುತ್ತಿದರು, ನಮ್ಮ ಬೆಂಗಳೂರಿಗೂ ಬಂದಿದ್ದರು.) ಕೈಯಲ್ಲಿದ್ದದ್ದು ಎರಡು ತಿಂಗಳಿಗೂ ಕಡಿಮೆ ಸಮಯ, ಬರುವವರು ಲಕ್ಷಾಂತರ ಜನ. ಹಾರ್ಲೆಮ್ಮಿನ ಕಚೇರಿಯಲ್ಲಿ ಕೂತು ಬಸ್ಸು, ವಿಶೇಷ ರೈಲು, ಶೌಚಾಲಯ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ, ಎಲ್ಲದರ ಪಟ್ಟಿ ಮಾಡಿದರು. ಆಗಸ್ಟ್ ಬಿಸಿಲಿಗೆ ಹಳಸುತ್ತದೆ, ಬುತ್ತಿಯಲ್ಲಿ ಮೇಯೊನೈಸ್ ಹಚ್ಚಿದ ಸ್ಯಾಂಡ್‌ವಿಚ್ ತರಬೇಡಿ ಎಂದು ಕೈಪಿಡಿಯಲ್ಲೇ ಹಾಕಿಸಿದರು. ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಸ್ವಯಂಸೇವಕರು ರಾತ್ರಿಯೆಲ್ಲ ನಿಂತು 80,000 ಊಟದ ಪೊಟ್ಟಣ ಕಟ್ಟಿದರು. ಒಂದೊಂದರಲ್ಲೂ ಚೀಸ್ ಸ್ಯಾಂಡ್‌ವಿಚ್, ಒಂದು ತುಂಡು ಕೇಕು, ಒಂದು ಸೇಬು. ಬೆಲೆ 50 ಸೆಂಟ್. ಜಾತ್ರೆಯಲ್ಲಿ ದಾಸೋಹಕ್ಕೆ ನಿಂತವರಿಗೆ ಈ ಲೆಕ್ಕದ ಬಿಸಿ ಗೊತ್ತು.

ನಮ್ಮ ಎರಡನೇ ಚೀಟಿಯ ಥರ್ಮಂಡ್ ಇಲ್ಲಿ ಮತ್ತೆ ಬರುತ್ತಾರೆ. ಮೆರವಣಿಗೆಗೆ ಹದಿನೈದು ದಿನ ಇರುವಾಗ, ಆಗಸ್ಟ್ 13ರಂದು, ಅದೇ ಸೆನೆಟಿನಲ್ಲಿ ಎದ್ದು ರಸ್ಟಿನ್ ಮೇಲೆ ಬಿದ್ದರು. ಕಮ್ಯುನಿಸ್ಟ್, ಸೈನ್ಯಕ್ಕೆ ಸೇರಲು ಒಲ್ಲೆನೆಂದು ಜೈಲಿಗೆ ಹೋದವ, ಸಲಿಂಗಿ ಎಂದು ಹಳೇ ಬಂಧನದ ದಾಖಲೆಯನ್ನೇ ಅಧಿಕೃತ ಕಡತಕ್ಕೆ ಸೇರಿಸಿದರು. ಚಳವಳಿಯೊಳಗೇ ರಸ್ಟಿನ್ ಬೇಡ ಎನ್ನುವವರಿದ್ದರು. ರ‍್ಯಾಂಡಾಲ್ಫ್ ಬಗ್ಗಲಿಲ್ಲ, ಪತ್ರಕರ್ತರ ಮುಂದೆ ರಸ್ಟಿನ್ ಪರ ನಿಂತರು. ಏಟು ಕೊಟ್ಟವರು ಥರ್ಮಂಡ್, ಅದರಿಂದ ಒಗ್ಗಟ್ಟಾದದ್ದು ಮೆರವಣಿಗೆಯವರು.

28, ಬುಧವಾರ. ಸುಮಾರು ಎರಡೂವರೆ ಲಕ್ಷ ಜನ ವಾಷಿಂಗ್ಟನ್ ಸ್ಮಾರಕದ ಹುಲ್ಲಿನ ಮೇಲೆ ಸೇರಿದರು. ಗಲಭೆಯಾಗುತ್ತದೆ ಎಂದು ಊರಲ್ಲಿ ಹೆಂಡ ಮಾರಾಟ ಬಂದ್. ಹಿಂದಿನ ದಿನ ಯಾರೋ ಧ್ವನಿವರ್ಧಕದ ವ್ಯವಸ್ಥೆ ಕೆಡಿಸಿದ್ದರು, ಸೈನ್ಯದವರು ರಾತ್ರೋರಾತ್ರಿ ರಿಪೇರಿ ಮಾಡಬೇಕಾಯಿತು. ನಾಯಕರೆಲ್ಲ ಸಂಸತ್ ಸದಸ್ಯರ ಭೇಟಿಗೆ ಹೋಗಿದ್ದಾಗ ಜನ ಕಾಯದೆ ಹೊರಟೇಬಿಟ್ಟರು. ಮುಂದಾಳುಗಳು ಓಡಿಬಂದು ನಡುವೆ ಜಾಗ ಬಿಡಿಸಿಕೊಂಡು ಸೇರಬೇಕಾಯಿತು. ಮುಂಚೂಣಿಯಲ್ಲಿ ಕೈಕೈ ಹಿಡಿದು ನಡೆಯುವ ಆ ಪ್ರಸಿದ್ಧ ಫೋಟೊ ಇದೆಯಲ್ಲ, ಅವರ ಮುಂದೆ ಸಾವಿರಾರು ಜನ ಆಗಲೇ ದಾಟಿಹೋಗಿದ್ದರು! ಬೆಳಗಿನಿಂದ ಸಂಜೆವರೆಗೆ ದೊಡ್ಡ ಭಾಷಣಕಾರರಲ್ಲಿ ಒಬ್ಬ ಹೆಂಗಸೂ ಇಲ್ಲ. ಡೇಸಿ ಬೇಟ್ಸ್ ಅವರಿಗೆ ನಾಲ್ಕು ಮಾತಿನ ಅವಕಾಶ, ಮಹೇಲಿಯಾ ಜಾಕ್ಸನ್ ಅವರಿಗೆ ಹಾಡು. ಅದೇ ಮಹೇಲಿಯಾ, ಕಿಂಗ್ ಬರೆದುಕೊಂಡು ಬಂದದ್ದನ್ನು ಓದುತ್ತಿರುವಾಗ, 'ಆ ಕನಸಿನ ವಿಷಯ ಹೇಳು ಮಾರ್ಟಿನ್' ಎಂದು ಹಿಂದಿನಿಂದ ಕೂಗಿದರು ಎಂದು ಹತ್ತಿರವಿದ್ದವರು ನೆನೆಸಿಕೊಂಡಿದ್ದಾರೆ. ಬರೆದ ಪ್ರತಿಯಲ್ಲಿ ಕನಸು ಇರಲಿಲ್ಲ, ಅದಂತೂ ನಿಜ.

ಆದರೆ ಆ ಕನಸು ಅವತ್ತು ಹೊಸದಲ್ಲ. ಎರಡು ತಿಂಗಳ ಹಿಂದೆ, ಜೂನ್ 23ರಂದು, ಡೆಟ್ರಾಯಿಟ್ ನಗರದಲ್ಲಿ ಕಿಂಗ್ ಅದನ್ನೇ ಹೇಳಿದ್ದರು. ಆ ಭಾಷಣದ ಪಠ್ಯ ನನಗೆ ಸಿಕ್ಕಿದ್ದು ನಿವೃತ್ತಿಯಾದ ಮೇಲೆ, ಇಂಟರ್ನೆಟ್ಟಿನಲ್ಲಿ. ಓದುತ್ತಾ ಒಂದು ಸಾಲಿಗೆ ಬಂದು ನಿಂತೆ. ಎಮೆಟ್ ಟಿಲ್ ಅನುಭವಿಸಿದ, ಮೆಡ್ಗರ್ ಎವರ್ಸ್ ಅನುಭವಿಸಿದ ಕ್ರೌರ್ಯವನ್ನು ಮುಂದೆ ಯಾರೂ ಅನುಭವಿಸಬೇಕಾಗಿಲ್ಲದ ದಿನದ ಕನಸು ನನಗಿದೆ, ಎಂಬರ್ಥದ ಸಾಲು ಅದು. ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎವರ್ಸ್ ಕೊಲೆಯಾಗಿ ಹನ್ನೊಂದೇ ದಿನ ಆಗಿತ್ತು. ವಾಷಿಂಗ್ಟನ್ ಭಾಷಣವನ್ನು ಪಕ್ಕದಲ್ಲಿಟ್ಟು ಹುಡುಕಿದೆ. ಹುಡುಗನನ್ನು ಎಬ್ಬಿಸಿ ಒಯ್ದು ದಿನಕ್ಕೆ ದಿನ ಎಂಟು ವರ್ಷ ತುಂಬಿದ ಆ ಬುಧವಾರ, ಕನಸಿನಲ್ಲಿ ಅವನ ಹೆಸರಿಲ್ಲ. ಕಿಂಗ್ ಬೇಕೆಂದೇ ಬಿಟ್ಟರು ಅನ್ನುವುದಿಲ್ಲ. ಆಡುಮಾತು, ಬಾಯಿಗೆ ಬಂದದ್ದು ಬಂತು. ಆದರೆ ಎರಡು ಚೀಟಿಗಳ ನಡುವಿನ ದಾರ ನನಗೆ ಕಂಡದ್ದು ಅಲ್ಲಿ, ಆ ಹೆಸರು ಬಿಟ್ಟುಹೋದ ಜಾಗದಲ್ಲಿ. ಇಷ್ಟು ವರ್ಷ ಕನಸನ್ನು ಅಚ್ಚಿಗೆ ಕಳಿಸಿ ಹುಡುಗನನ್ನು ಲಕೋಟೆಗೆ ವಾಪಸ್ ಹಾಕಿದವನು ನಾನೇ.

ಉಳಿದ ಚೀಟಿಗಳನ್ನು ಬೇಗ ಹೇಳಿಬಿಡುತ್ತೇನೆ. 1968, ಷಿಕಾಗೊದ ಡೆಮಾಕ್ರಟಿಕ್ ಅಧಿವೇಶನ, ಹೊರಗೆ ಮಿಷಿಗನ್ ಅವೆನ್ಯೂದಲ್ಲಿ ಪೊಲೀಸರು ಯುದ್ಧವಿರೋಧಿ ಹುಡುಗರನ್ನು ಟಿವಿ ಕ್ಯಾಮೆರಾ ಎದುರೇ ಬಡಿದರು. 2005, ಕತ್ರಿನಾ ಚಂಡಮಾರುತ ಬರುವ ಮುನ್ನಾದಿನ, ನ್ಯೂ ಆರ್ಲಿಯನ್ಸ್ ಖಾಲಿ ಮಾಡಿ ಎಂಬ ಆದೇಶ, ಕಾರಿಲ್ಲದವರು ಕ್ರೀಡಾಂಗಣದ ಮುಂದೆ ಸಾಲು ನಿಂತರು. 2008, ಡೆನ್ವರ್‌ನಲ್ಲಿ 84,000 ಜನರೆದುರು ಬರಾಕ್ ಒಬಾಮ ಅಧ್ಯಕ್ಷ ಸ್ಥಾನದ ಉಮೇದುವಾರಿಕೆ ಒಪ್ಪಿಕೊಂಡರು. ಮೆರವಣಿಗೆಗೆ ಅವತ್ತು 45 ವರ್ಷ. ಆ ಭಾಷಣದಲ್ಲಿ ಒಬಾಮ ಕಿಂಗ್ ಹೆಸರನ್ನು ಎತ್ತಲೇ ಇಲ್ಲ, 'ಜಾರ್ಜಿಯಾದ ಯುವ ಪಾದ್ರಿ' ಎಂದರು ಅಷ್ಟೇ. ಥರ್ಮಂಡ್ ದಾಖಲೆ 2025ರವರೆಗೆ ಉಳಿದಿತ್ತು. ಆ ವರ್ಷ ಮಾರ್ಚ್ 31ರ ಸಂಜೆ ಮಾತಿಗೆ ನಿಂತು 25 ಗಂಟೆ 5 ನಿಮಿಷ ಮಾತಾಡಿ ಅದನ್ನು ಮುರಿದದ್ದು ನ್ಯೂಜೆರ್ಸಿಯ ಕಪ್ಪು ಸೆನೆಟರ್ ಕೋರಿ ಬೂಕರ್. ದಿನಾಂಕ ಬೇರೆ, ಹಾಗಾಗಿ ನನ್ನ ಆಗಸ್ಟ್ ಲಕೋಟೆಗೆ ಅದು ಸೇರುವುದಿಲ್ಲ. ಆದರೂ ತುರುಕಿದ್ದೇನೆ.

ಟ್ಯಾಲಹ್ಯಾಚಿ ದಂಡೆಯಲ್ಲಿ ಎಮೆಟ್ ನೆನಪಿಗೆ ಹಾಕಿದ ಮೊದಲ ಫಲಕವನ್ನು ಕದ್ದರು. ಮತ್ತೆ ಹಾಕಿದ್ದಕ್ಕೆ ಗುಂಡು ಹೊಡೆದು ಜರಡಿ ಮಾಡಿದರು, ಇನ್ನೊಂದಕ್ಕೂ ಹೊಡೆದರು. 2019ರಲ್ಲಿ ಗುಂಡು ತೂರದ ಉಕ್ಕಿನ ಫಲಕ ನಿಲ್ಲಿಸಿದರು, ಸುಮಾರು 225 ಕಿಲೋ ತೂಕ. ಜನಾಂಗ ದ್ವೇಷದ ಗುಂಪುಹತ್ಯೆಯನ್ನು ಕೇಂದ್ರ ಸರ್ಕಾರದ ಮಟ್ಟದಲ್ಲಿ ಅಪರಾಧ ಎನ್ನುವ, ಅವನ ಹೆಸರಿನದೇ ಕಾನೂನಿಗೆ ಸಹಿ ಬಿದ್ದದ್ದು 2022ರ ಮಾರ್ಚಿನಲ್ಲಿ.

ತನಿಖೆಗೆಂದು 2005ರಲ್ಲಿ ಗೋರಿ ಅಗೆದು, ಬೇರೆ ಪೆಟ್ಟಿಗೆಯಲ್ಲಿ ಮತ್ತೆ ಹೂತರು. ಹಳೇ ಗಾಜಿನ ಮುಚ್ಚಳದ ಪೆಟ್ಟಿಗೆ ಸ್ಮಶಾನದ ಶೆಡ್ಡೊಂದರಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿತ್ತು. ಈಗ ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲಿದೆ. 1963ರಲ್ಲಿ ಮೆರವಣಿಗೆಯವರು ಪೊಟ್ಟಣ ಬಿಚ್ಚಿ ಕೂತಿದ್ದ ಹುಲ್ಲುಗಾವಲು ಆ ಕಟ್ಟಡದ ಎದುರಿಗೇ.

ನನ್ನ ತಂಗಿಯ ಮಗ ಆ ಕಡೆ ಕೆಲಸದಲ್ಲಿದ್ದಾನೆ. ಹೋಗಿ ನೋಡಿಕೊಂಡು ಬಾರೋ ಎಂದೆ. ಹೋದ, ಸಂಜೆಯೊಳಗೆ ನೂರಾರು ಫೋಟೊ ವಾಟ್ಸಾಪ್‌ನಲ್ಲಿ ಬಂದವು. ಗುಲಾಮರ ಸಂಕೋಲೆ, ರೈಲು ಬೋಗಿ, ಹಾಡುಗಾರರ ಬಟ್ಟೆ, ಕ್ಯಾಂಟೀನಿನಲ್ಲಿ ತಿಂದ ಮೀನು ಕೂಡ. ಪೆಟ್ಟಿಗೆ ಇರಲಿಲ್ಲ. ಫೋನ್ ಮಾಡಿ ಕೇಳಿದೆ.

"ಅಲ್ಲಿ ಫೋಟೊ ತೆಗೆಯೋ ಹಾಗಿಲ್ಲ ಮಾಮ," ಎಂದ. "ಸಾಲಲ್ಲಿ ನಿಂತು ನೋಡ್ಕೊಂಡು ಬರಬೇಕು. ನಾನೂ ನಿಂತಿದ್ದೆ."